ನೇತ್ರಾಣಿ ಮೊದಲು, ಜೋಗ ಕೊನೆಗೆ

ಪ್ರಶ್ನೆ: ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಸಿಕ್ಕಿದೆ. ಬೆಂಗಳೂರಿನಿಂದ ಹೊರಟು ಗುರುವಾರ ಜೋಗ, ಶುಕ್ರವಾರ ಯಾಣ ಮತ್ತು ಗೋಕರ್ಣ, ಶನಿವಾರ ಮುರುಡೇಶ್ವರ ನೋಡಿಕೊಂಡು, ಭಾನುವಾರ ಬೆಳಿಗ್ಗೆ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮುಗಿಸಿ, ಅಂದು ಸಂಜೆಯ ಬಸ್ಸಿಗೆ ವಾಪಸ್ಸಾಗುವ ಯೋಚನೆ. ನನಗೆ 44 ವರ್ಷ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಹೆಂಡತಿಗೆ 39, ಕನ್ನಡಕವಿದೆ. ಮಗಳಿಗೆ 13, ಮಗನಿಗೆ 8. ಜೊತೆಗೆ 68 ವರ್ಷದ ಅಮ್ಮ. ಯಾರಿಗೂ ಈಜು ಬರುವುದಿಲ್ಲ. ಈ ಯೋಜನೆ ಸರಿಯಿದೆಯೇ? ಯಾರು ಯಾರು ನೀರಿಗಿಳಿಯಬಹುದು?

ಉತ್ತರ: ಜಾಗವೂ ಸರಿ, ತಿಂಗಳೂ ಸರಿ. ದಿನಗಳನ್ನು ಜೋಡಿಸಿದ ಕ್ರಮ ಮಾತ್ರ ಪೂರ್ತಿ ತಿರುವುಮುರುವಾಗಿದೆ. ಡೈವಿಂಗ್ ಇರುವ ಪ್ರವಾಸದಲ್ಲಿ ಕಡಲು ಮೊದಲು, ಘಟ್ಟ ಕೊನೆಗೆ. ಇದೊಂದನ್ನು ಬದಲಿಸಿದರೆ ಉಳಿದ ಬಹುಪಾಲು ತೊಡಕು ಸಡಿಲವಾಗುತ್ತದೆ.

ಮೊದಲ ಕಾರಣ ಹವೆ. ನೇತ್ರಾಣಿ ನಡುಗಡ್ಡೆ ಇರುವುದು ಮುರುಡೇಶ್ವರದ ದಡದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ 18–19 ಕಿ.ಮೀ. ದೂರದ ತೆರೆದ ಕಡಲಿನಲ್ಲಿ. ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ, ನಡುವೆ ಎಲ್ಲೂ ಗಾಳಿಗೆ ಮರೆಯಿಲ್ಲ. ಗಾಳಿ ಎದ್ದ ದಿನ ದೋಣಿ ಬಿಡುವುದಿಲ್ಲ, ಬಿಡಲೂ ಬಾರದು. ಡಿಸೆಂಬರಿನಲ್ಲಿ ಹಾಗಾಗುವುದು ಅಪರೂಪ. ಆದರೆ ಮಳೆಗಾಲ ಮುಗಿದ ಮೇಲಿನ ಈ ತಿಂಗಳುಗಳು ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಹೌದು. 2017ರ ಡಿಸೆಂಬರ್ ಮೊದಲ ವಾರ ಓಖಿ, 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಬಂದದ್ದು ಹೀಗೆಯೇ. ಭಾನುವಾರ ಒಂದನ್ನೇ ನೆಚ್ಚಿಕೊಂಡರೆ, ಅಂದು ದೋಣಿ ನಿಂತಿತೆಂದರೆ ನಿಮ್ಮ ಡೈವಿಂಗ್ ಅಲ್ಲಿಗೇ ಮುಗಿಯಿತು. ಕಾಯ್ದಿಟ್ಟ ದಿನ ಒಂದು ಇರಲೇಬೇಕು.

ಎರಡನೆಯ ಕಾರಣವನ್ನು ನಮ್ಮ ಕಡೆ ಹೇಳುವವರು ಕಡಿಮೆ. ನೀರಿನಡಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಮಾಂಸಖಂಡದಲ್ಲೂ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ಸುತ್ತಲ ಗಾಳಿಯ ಒತ್ತಡ ಇನ್ನಷ್ಟು ಕಡಿಮೆಯಾದರೆ, ಗೋಲಿಸೋಡಾದ ಗೋಲಿ ಒಳಗೆ ತಳ್ಳಿದಾಗ ಏಳುವಂತೆ, ಮೈಯೊಳಗೆ ಗುಳ್ಳೆಗಳು ಏಳಬಹುದು. ಕೀಲುನೋವು, ಚರ್ಮದ ಮೇಲೆ ಗಂಧೆ, ಕೈಕಾಲು ಜೋಮು, ತಲೆಸುತ್ತು ಅದರ ಲಕ್ಷಣ. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ. ಅದಕ್ಕೇ ವಿಮಾನ ಹತ್ತುವ ಮುನ್ನ ಒಂದು ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬ ನಿಯಮವಿದೆ. ಈ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ.

ಈಗ ನಿಮ್ಮ ಬಸ್ಸಿನ ದಾರಿ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಶಿರಾಡಿ ಹತ್ತಿದರೆ ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ರೈಲಿಗೂ ಅದೇ ದಾರಿ. ಅಂದರೆ ಮಧ್ಯಾಹ್ನ ನೀರಿನಿಂದ ಎದ್ದವರು ನಡುರಾತ್ರಿಯ ಹೊತ್ತಿಗೆ, ವಿಮಾನವಿಲ್ಲದೆಯೇ, ಆ ಗೆರೆ ದಾಟಿರುತ್ತಾರೆ. ಎಂಟು ಹತ್ತು ಮೀಟರ್ ಆಳದಲ್ಲಿ ಒಂದೇ ಒಂದು ಸಣ್ಣ ಡೈವ್ ಮಾಡಿದವರಿಗೆ ಅಪಾಯ ಬಹಳ ಕಡಿಮೆ, ಗಾಬರಿ ಬೇಡ. ಕೋರ್ಸ್ ಮಾಡಿ ಎರಡು ದಿನದಲ್ಲಿ ನಾಲ್ಕು ಡೈವ್ ಮುಗಿಸಿದವರು ಹೀಗೆ ಹೊರಟರೆ ಅದು ನಿಜಕ್ಕೂ ತಪ್ಪು. ಕ್ರಮ ಬದಲಿಸಿದರೆ ಇಬ್ಬರಿಗೂ ಆ ಪ್ರಶ್ನೆಯೇ ಇರುವುದಿಲ್ಲ.

ಹಾಗಾಗಿ ನಮ್ಮ ಸಲಹೆ ಇದು. ಬುಧವಾರ ಸಂಜೆ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಗುರುವಾರ ಬೆಳಗಾಗುವಾಗ ಮುರುಡೇಶ್ವರ ನಿಲ್ದಾಣದಲ್ಲಿ ಇಳಿಯಿರಿ. ನಿಲ್ದಾಣದಿಂದ ದೇವಸ್ಥಾನಕ್ಕೆ ಆಟೋದಲ್ಲಿ ಐದಾರು ನಿಮಿಷ. ಗುರುವಾರ ವಿಶ್ರಾಂತಿ, ದೇವಸ್ಥಾನ, ಸಂಜೆ ಡೈವಿಂಗ್ ಕೇಂದ್ರದಲ್ಲಿ ಫಾರ್ಮ್ ತುಂಬುವ ಕೆಲಸ. ಶುಕ್ರವಾರ ಡೈವ್. ಶನಿವಾರ ಕಾಯ್ದಿಟ್ಟ ದಿನ. ಭಾನುವಾರ ಬೆಳಿಗ್ಗೆ 8ಕ್ಕೆ ಬಾಡಿಗೆ ಕಾರಿನಲ್ಲಿ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ಜೋಗ. ಅಲ್ಲಿಂದ ಹತ್ತಿರದ ತಾಳಗುಪ್ಪ ನಿಲ್ದಾಣಕ್ಕೆ ಹೋಗಿ ರಾತ್ರಿ ರೈಲಿಗೆ ಬೆಂಗಳೂರು. ಒಂದು ವೇಳೆ ಶುಕ್ರವಾರದ ದೋಣಿ ರದ್ದಾಗಿ ಶನಿವಾರ ಮಧ್ಯಾಹ್ನ ಡೈವ್ ಮುಗಿದರೂ, ಭಾನುವಾರ ಘಟ್ಟ ಹತ್ತುವ ಹೊತ್ತಿಗೆ 20 ಗಂಟೆ ದಾಟಿರುತ್ತದೆ. ಮುರುಡೇಶ್ವರದಿಂದ ಮನೆಗೆ ನೇರವಾಗಿ ಓಡುವ ಬದಲು ಜೋಗದ ಮೇಲೆ ಹಾಯ್ದು ಹೋಗುವುದರ ಲಾಭ ಅದು.

ಯಾರು ಇಳಿಯಬಹುದು ಎಂಬುದಕ್ಕೆ ಬರೋಣ. ಈಜು ಬರದಿರುವುದು ಅಡ್ಡಿಯಲ್ಲ. ನೀವು ಮಾಡಲಿರುವುದು ಪರಿಚಯದ ಡೈವ್. ಅದರಲ್ಲಿ ತರಬೇತುದಾರ ಉದ್ದಕ್ಕೂ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾನೆ, ಆಳದ ಮಿತಿ 12 ಮೀಟರ್. ಪ್ರಮಾಣಪತ್ರ ಕೊಡುವ ಓಪನ್ ವಾಟರ್ ಕೋರ್ಸಿಗಾದರೆ 200 ಮೀಟರ್ ಈಜಬೇಕು, ಆಸರೆಯಿಲ್ಲದೆ 10 ನಿಮಿಷ ತೇಲಬೇಕು. ಅದು ಮುಂದಿನ ಮಾತು. ಆದರೆ ಈಜು ಬಾರದವರಿಗೆ ಇನ್ನೊಂದು ತೊಡಕಿದೆ, ಅದು ದೈಹಿಕವಲ್ಲ: ಮುಖ ನೀರಿನಲ್ಲಿ ಮುಳುಗಿದ ಕೂಡಲೇ ಉಸಿರು ಕಟ್ಟುವ ಅಭ್ಯಾಸ. ಹೊರಡುವ ಮುನ್ನ ಎರಡು ವಾರ ಮನೆಯಲ್ಲೇ ಬಕೆಟ್ಟಿನ ನೀರಿನಲ್ಲಿ ಮುಖ ಅದ್ದಿ ಬಾಯಿಂದ ನಿಧಾನವಾಗಿ ಗುಳ್ಳೆ ಬಿಡುವುದನ್ನು ರೂಢಿಸಿಕೊಂಡರೆ, ನೇತ್ರಾಣಿಯಲ್ಲಿ ಅರ್ಧ ಭಯ ಇರುವುದಿಲ್ಲ.

ಮಗಳು ಇಳಿಯಬಹುದು. ಕನಿಷ್ಠ ವಯಸ್ಸು 10. ತಂದೆ ಅಥವಾ ತಾಯಿಯ ಸಹಿ ಬೇಕು. ಅವಳಿಗೇ ಇಷ್ಟವಿದ್ದರೆ ಮಾತ್ರ ಇಳಿಸಿ, ದೋಣಿ ಹತ್ತಿದ ಮೇಲೂ ಬೇಡವೆಂದರೆ ಬೇಡ. ಮುಟ್ಟಿನ ದಿನವಾದರೂ ಡೈವಿಂಗಿಗೆ ಅಡ್ಡಿಯಿಲ್ಲ, ಕಪ್ ಅಥವಾ ಟ್ಯಾಂಪೂನ್ ಬಳಸಿದರಾಯಿತು. ಗರ್ಭಿಣಿಯರು ಮಾತ್ರ ಯಾವ ಆಳಕ್ಕೂ ಇಳಿಯಬಾರದು.

ಮಗ ಇಳಿಯುವಂತಿಲ್ಲ. ಲೈಫ್ ಜಾಕೆಟ್ ಹಾಕಿ ನೀರಿನ ಮೇಲೆ ತೇಲುತ್ತಾ ಮೀನು ನೋಡುವ ಸ್ನಾರ್ಕೆಲಿಂಗ್‌ಗೆ ಆ ವಯಸ್ಸಿನವರನ್ನೂ ಕೆಲವರು ಕರೆದೊಯ್ಯುತ್ತಾರೆ. ಈಜು ಬಾರದ ಎಂಟು ವರ್ಷದ ಹುಡುಗನನ್ನು ತೆರೆದ ಕಡಲಿನಲ್ಲಿ, ನೆಟ್ಟಗೆ ಇಳಿದ ಬಂಡೆಯ ಪಕ್ಕ ನೀರಿಗಿಳಿಸುವುದು ನಮಗೆ ಒಪ್ಪಿಗೆಯಿಲ್ಲ. ಅಮ್ಮನಿಗೂ ದೋಣಿ ಬೇಡ. ಕೆಲವೊಮ್ಮೆ ಮೊಣಕಾಲು ನೀರಿನಲ್ಲಿ ನಡೆದು ದೋಣಿ ಏರಬೇಕು, ಹೋಗಿ ಬರುವುದಕ್ಕೆ ಐದಾರು ಗಂಟೆ, ಸಣ್ಣ ದೋಣಿಗಳಲ್ಲಿ ಶೌಚಾಲಯವಿಲ್ಲ. ನೇತ್ರಾಣಿ ತಲುಪಿದರೂ ಕಾಲಿಡುವಂತಿಲ್ಲ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುವ ನಡುಗಡ್ಡೆ ಅದು, ಮೇಲೆ ಹತ್ತುವುದಕ್ಕೆ ನಿಷೇಧವಿದೆ, ಮರಳಿನ ದಂಡೆಯೂ ಇಲ್ಲ.

ನಿಮ್ಮ ಬಿ.ಪಿ. ವಿಷಯಕ್ಕೆ ಈ ವಾರವೇ ವೈದ್ಯರನ್ನು ಕಾಣಿ. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದಾಗ ಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ, ಹೃದಯದ ಹೊರೆ ಏರುತ್ತದೆ. ಬಿ.ಪಿ. ಹತೋಟಿಯಲ್ಲಿಲ್ಲದವರಲ್ಲಿ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಪ್ರಸಂಗಗಳು ಆಗಿವೆ. ಬೀಟಾ ಬ್ಲಾಕರ್ ಬಗೆಯ ಮಾತ್ರೆಗಳು ಶ್ರಮಕ್ಕೆ ತಕ್ಕಂತೆ ಹೃದಯ ಬಡಿತ ಏರಲು ಬಿಡುವುದಿಲ್ಲ, ನೀರು ಹೊರಹಾಕುವ ಮಾತ್ರೆಗಳು ಮೈ ಒಣಗಿಸುತ್ತವೆ. ಆದ್ದರಿಂದ ಮಾತ್ರೆಯ ಹೆಸರು ತೋರಿಸಿ, ‘10–12 ಮೀಟರ್ ಸ್ಕೂಬಾ ಡೈವ್‌ಗೆ ಯೋಗ್ಯ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹತೋಟಿಯಲ್ಲಿದ್ದು, ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವವರಿಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆ. ಫಾರ್ಮಿನಲ್ಲಿ ಬಿ.ಪಿ. ಮುಚ್ಚಿಟ್ಟು ಇಳಿಯುವುದು ಮಾತ್ರ ಬೇಡವೇ ಬೇಡ. ಉತ್ತರ ಕನ್ನಡದಲ್ಲಿ ದೊಡ್ಡ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಗಂಭೀರ ಪ್ರಸಂಗವೆಂದರೆ ಸುಮಾರು 100 ಕಿ.ಮೀ. ದೂರದ ಮಣಿಪಾಲಕ್ಕೇ ಓಡಬೇಕು, ಅದೂ ನಡುಗಡ್ಡೆಯಿಂದ ದಡ ಮುಟ್ಟಿದ ಮೇಲೆ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇದ್ದವರಿಗೂ ಇದೇ ಮಾತು.

ಹೀಗೆ ನೋಡಿದರೆ ಶುಕ್ರವಾರ ನಿಮ್ಮ ಹೆಂಡತಿ ಮತ್ತು ಮಗಳು ಹೋಗಲಿ, ನೀವು ಮಗ, ಅಮ್ಮನ ಜೊತೆ ಇರಿ. ವೈದ್ಯರ ಚೀಟಿ ಸಿಕ್ಕಿದ್ದರೆ ಶನಿವಾರ ನೀವು ಹೋಗಿ. ಶುಕ್ರವಾರ ದೋಣಿ ಬಿಡದಿದ್ದರೆ ಶನಿವಾರ ಮೂವರೂ ಒಟ್ಟಿಗೆ. ಆಗ ಅಜ್ಜಿ, ಮೊಮ್ಮಗ ಅರ್ಧ ದಿನ ರೂಮಿನಲ್ಲೋ ದೇವಸ್ಥಾನದಲ್ಲೋ ಇರಬೇಕಾಗುತ್ತದೆ, ಕಡಲ ದಂಡೆಗೆ ಮಾತ್ರ ಅವರಿಬ್ಬರೇ ಹೋಗದಿರಲಿ. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ದಂಡೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮೇಲೆ ಶಾಂತವಾಗಿ ಕಾಣುವ, ತೆರೆ ಒಡೆಯದ ಪಟ್ಟಿಯಲ್ಲೇ ಹಿಂದಕ್ಕೆ ಎಳೆಯುವ ಸೆಳೆತ ಇರುವುದು. ತೆರೆ ಇಲ್ಲವೆಂದು ಮಕ್ಕಳು ಅಲ್ಲಿಗೇ ಹೋಗುತ್ತಾರೆ. ಕಾವಲುಗಾರರು ಬಾವುಟ ನೆಟ್ಟ ಜಾಗ ಬಿಟ್ಟು ಬೇರೆಡೆ ಮೊಣಕಾಲಿಗಿಂತ ಆಳಕ್ಕೆ ಯಾರೂ ಹೋಗಬೇಡಿ.

ಡೈವಿಂಗ್ ಕೇಂದ್ರ ಆರಿಸುವಾಗ ದರಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಮಾತಾಡುತ್ತಿರುವವರು ಕೇಂದ್ರದವರೇ, ಅಥವಾ ಕಮಿಷನ್ನಿಗೆ ಬುಕಿಂಗ್ ಹಿಡಿಯುವವರೇ? ತರಬೇತುದಾರರಿಗೆ ಪ್ಯಾಡಿ, ಎಸ್‌ಎಸ್‌ಐ ತರಹದ ಸಂಸ್ಥೆಯ ಪ್ರಮಾಣಪತ್ರ ಇದೆಯೇ? ಒಬ್ಬ ತರಬೇತುದಾರನಿಗೆ ನೀರಿನಡಿ ಎಷ್ಟು ಜನ? ಈಜು ಬಾರದ ನಿಮಗೆ ಒಬ್ಬರಿಗೊಬ್ಬರು ಇರಲಿ, ಹೆಚ್ಚೆಂದರೆ ಇಬ್ಬರಿಗೊಬ್ಬರು. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ? ಡಿಕಂಪ್ರೆಷನ್ ತೊಂದರೆ ಕಂಡರೆ ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕವೇ. ಹವೆ ಕೆಟ್ಟರೆ ಹಣ ವಾಪಸ್ಸೋ, ಮರುದಿನ ಕರೆದೊಯ್ಯುತ್ತಾರೋ? ಎಲ್ಲಕ್ಕಿಂತ ಮುಖ್ಯವಾಗಿ, ಇಳಿಸುವ ಮುನ್ನ ಈಜುಕೊಳದಲ್ಲೋ ಆಳವಿಲ್ಲದ ನೀರಿನಲ್ಲೋ ಅಭ್ಯಾಸ ಮಾಡಿಸುತ್ತಾರೆಯೇ? ‘ಅದೆಲ್ಲಾ ದೋಣಿಯಲ್ಲೇ ಹೇಳಿಕೊಡ್ತೇವೆ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಫೋಟೋ, ವಿಡಿಯೋ, ತಿಂಡಿ, ಜಿಎಸ್‌ಟಿ ದರದಲ್ಲಿ ಸೇರಿವೆಯೇ ಎಂಬುದು ಆಮೇಲಿನ ಮಾತು.

ಆ ಅಭ್ಯಾಸದಲ್ಲಿ ಕಲಿಯುವುದು ಮೂರೇ ಸಂಗತಿ, ಮೂರನ್ನೂ ಚೆನ್ನಾಗಿ ಕಲಿಯಬೇಕು.

ಒಂದು, ಕಿವಿ. ಕೆಳಗಿಳಿಯುವಾಗ ಹೊರಗಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮಾಸ್ಕಿನ ಮೇಲಿನಿಂದಲೇ ಎರಡು ಬೆರಳಲ್ಲಿ ಮೂಗು ಹಿಡಿದು, ಬಾಯಿ ಮುಚ್ಚಿದ ಹಾಗೆಯೇ ಮೂಗಿಗೆ ಮೆಲ್ಲಗೆ ಗಾಳಿ ಊದಬೇಕು. ಎರಡೂ ಕಿವಿಯಲ್ಲಿ ಟಪ್ ಎಂದರೆ ಒತ್ತಡ ಸರಿಹೋಯಿತು. ತಲೆ ಮುಳುಗುವ ಮುನ್ನವೇ ಒಮ್ಮೆ, ಆಮೇಲೆ ಪ್ರತಿ ಅರ್ಧ ಮೀಟರಿಗೆ ಒಮ್ಮೆ. ಹೊಸಬರು ಮಾಡುವ ತಪ್ಪು, ನೋವು ಬರುವ ತನಕ ಕಾಯುವುದು. ನೋವು ಬಂದ ಮೇಲೆ ಒಳಗಿನ ನಾಳ ಒತ್ತಿ ಮುಚ್ಚಿರುತ್ತದೆ, ಎಷ್ಟು ಊದಿದರೂ ತೆರೆಯುವುದಿಲ್ಲ, ಜೋರಾಗಿ ಊದಿದರೆ ಕಿವಿಗೇ ಪೆಟ್ಟು. ಆಗ ಕಿವಿ ತೋರಿಸಿ ಕೈ ಅಲುಗಾಡಿಸಿ, ಒಂದು ಮೀಟರ್ ಮೇಲೆ ಬಂದು, ಮತ್ತೆ ಮೆಲ್ಲಗೆ ಊದಿ ಇಳಿಯಬೇಕು. ನೆಗಡಿ ಇದ್ದರೆ ಅಂದು ಡೈವ್ ಇಲ್ಲ. ಮೂಗು ತೆರೆಯುವ ಮಾತ್ರೆ ನುಂಗಿ ಇಳಿದವರಿಗೆ ನೀರಿನಡಿಯೇ ಅದರ ಪ್ರಭಾವ ಇಳಿದುಹೋದರೆ, ಮೇಲೆ ಬರುವಾಗ ಗಾಳಿ ಸೈನಸ್ಸಿನಲ್ಲಿ ಸಿಕ್ಕಿಕೊಂಡು ಹಣೆ ಒಡೆದಂಥ ನೋವು ಬರುತ್ತದೆ.

ಎರಡು, ಮಾಸ್ಕಿನೊಳಗೆ ನೀರು. ಅದು ಬಂದೇ ಬರುತ್ತದೆ, ಮೀಸೆ ಇದ್ದವರಿಗೆ ಇನ್ನೂ ಹೆಚ್ಚು. ಮೂಗಿನ ಕೆಳಗಿನ ಒಂದು ಬೆರಳಗಲ ಮೀಸೆ ಬೋಳಿಸುವುದು ಇಲ್ಲವೇ ಅಲ್ಲಿಗೆ ವ್ಯಾಸಲೀನ್ ಹಚ್ಚುವುದು ದಾರಿ. ನೀರು ತುಂಬಿದಾಗ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮುಖ ತುಸು ಮೇಲೆತ್ತಿ, ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಎರಡು ಸಲ ಬೇಕಾಗಬಹುದು. ಇದನ್ನು ಆಳವಿಲ್ಲದ ನೀರಿನಲ್ಲಿ ಮಾಡಿ ನೋಡದವರೇ ಎಂಟು ಮೀಟರ್ ಕೆಳಗೆ ಮಾಸ್ಕ್ ಕಿತ್ತೆಸೆದು ಮೇಲೆ ಓಡಲು ನೋಡುವುದು. ಮಾಸ್ಕ್ ಮಂಜಾಗದಂತೆ ಒಳಗಾಜಿಗೆ ಎಂಜಲು ಸವರಿ ತೊಳೆಯುವುದು ಹಳೆಯ ಉಪಾಯ, ಬೇಬಿ ಶಾಂಪೂ ಹನಿಯೂ ಆದೀತು. ನಿಮ್ಮ ಹೆಂಡತಿಯ ಕನ್ನಡಕದ ಪವರ್ ಮೊದಲೇ ತಿಳಿಸಿದರೆ ಪವರ್ ಇರುವ ಮಾಸ್ಕ್ ಇದ್ದವರು ಕೊಡುತ್ತಾರೆ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂಡ ಹಾಕಬಹುದು, ನೀರು ಹೊರಹಾಕುವಾಗ ಕಣ್ಣು ಮುಚ್ಚಿಕೊಳ್ಳಬೇಕಷ್ಟೆ. ನೀರಿನಡಿ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ, ಪವರ್ ಕಡಿಮೆ ಇದ್ದರೆ ಏನೂ ಬೇಡ.

ಮೂರು, ಉಸಿರು ಎಂದೂ ಹಿಡಿಯಬಾರದು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಡೈವಿಂಗಿನ ನಿಯಮಗಳಲ್ಲೆಲ್ಲ ಹಿರಿಯದು ಇದೇ. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿದ್ದರೆ ಒಳ್ಳೆಯದು. ತರಬೇತುದಾರ ನಿಮ್ಮನ್ನು ನಿಧಾನಕ್ಕೆ ಏರಿಸುವುದು ಅದಕ್ಕೇ, ಎಳೆದಾಡಬೇಡಿ.

ಕೈಸನ್ನೆಯಲ್ಲಿ ಒಂದು ಎಚ್ಚರ. ಹೆಬ್ಬೆರಳು ಮೇಲೆ ಮಾಡಿದರೆ ನಮ್ಮಲ್ಲಿ ‘ಸೂಪರ್’ ಎಂದರ್ಥ, ನೀರಿನಡಿ ‘ಮೇಲೆ ಹೋಗೋಣ’ ಎಂದರ್ಥ. ಕ್ಯಾಮೆರಾ ಎದುರಿಗೆ ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಐದೇ ನಿಮಿಷಕ್ಕೆ ದೋಣಿಯಲ್ಲಿ ಕೂತವರು ಎಷ್ಟೋ ಜನ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ತೋರಿಸಿ.

ಎಷ್ಟು ಹೊತ್ತು ಒಳಗಿರುತ್ತೀರಿ ಎಂಬುದಕ್ಕೂ ಲೆಕ್ಕವಿದೆ. ಸಾಮಾನ್ಯ ಸಿಲಿಂಡರ್ ಸುಮಾರು 11 ಲೀಟರಿನದು, 200 ಬಾರ್ ಒತ್ತಡಕ್ಕೆ ತುಂಬಿದರೆ 2,200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಮುಟ್ಟದೆ ಉಳಿಸಬೇಕು, ಬಳಕೆಗೆ ಸಿಗುವುದು 1,650 ಲೀಟರ್. ಅಳುಕಿರುವ ಹೊಸಬರು ದಡದಲ್ಲಿ ನಿಮಿಷಕ್ಕೆ 20–25 ಲೀಟರ್ ಎಳೆದರೆ 10 ಮೀಟರಿನಲ್ಲಿ ಅದರ ಎರಡರಷ್ಟು. ಅಲ್ಲಿಗೆ ಸುಮಾರು 35 ನಿಮಿಷ. ಆದರೂ ಪರಿಚಯದ ಡೈವ್ ಅರ್ಧ ಗಂಟೆಯೊಳಗೇ ಮುಗಿಯುವುದು ವಾಡಿಕೆ, ಅದರಲ್ಲಿ ಮೋಸವೇನಿಲ್ಲ.

ಹಿಂದಿನ ರಾತ್ರಿ ಮದ್ಯ ಬೇಡ, ನಿದ್ದೆ ಪೂರ್ತಿಯಾಗಲಿ. ಬೆಳಿಗ್ಗೆ ಖಾಲಿ ಹೊಟ್ಟೆಯೂ ಬೇಡ, ಬನ್ಸ್–ಪೂರಿಯೂ ಬೇಡ. ಹೊರಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಹೊಟ್ಟೆ ತೊಳಸುವುದು ಹೆಚ್ಚಾಗಿ ಆಗುವುದು ನಡುಗಡ್ಡೆಯ ಬಳಿ ಎಂಜಿನ್ ನಿಲ್ಲಿಸಿ ದೋಣಿ ತೊಯ್ದಾಡುವಾಗ. ದೋಣಿಯ ಹಿಂಭಾಗದ ನಡುವೆ ಕೂತು ದಿಗಂತ ನೋಡಿ, ಫೋನ್ ನೋಡಬೇಡಿ, ಡೀಸೆಲ್ ಹೊಗೆಯಿಂದ ದೂರವಿರಿ. ಅವೋಮಿನ್ ತರಹದ ಮಾತ್ರೆ ಮಂಪರು ತರುತ್ತದೆ, ಮಂಪರಿನಲ್ಲಿ ಡೈವ್ ಮಾಡಬಾರದು. ಮಂಪರು ಕಡಿಮೆ ಇರುವುದನ್ನು ವೈದ್ಯರಿಂದ ಬರೆಸಿ, ಮನೆಯಲ್ಲೇ ಒಂದು ದಿನ ತೆಗೆದುಕೊಂಡು ನೋಡಿ. ಜುಮುಕಿ, ಬಳೆ, ಉಂಗುರ ರೂಮಿನಲ್ಲೇ ಬಿಡಿ. ತಾಳಿ ತೆಗೆಯಲು ಮನಸ್ಸಿಲ್ಲದವರು ವೆಟ್‌ಸೂಟ್ ಒಳಗೆ ಸೇರಿಸಿಕೊಂಡರೆ ತೊಂದರೆಯಿಲ್ಲ. ಉದ್ದ ಕೂದಲನ್ನು ಬಿಗಿಯಾಗಿ ಹೆಣೆದು ಹಿಂದೆ ಕಟ್ಟಿ, ಮಾಸ್ಕಿನ ಅಂಚಿಗೆ ಒಂದು ಎಳೆ ಸಿಕ್ಕಿದರೂ ನೀರು ಒಸರುತ್ತದೆ.

ನೀರು ತಿಳಿಯಾಗಿರುವ ಕಾಲ ಡಿಸೆಂಬರಿನಿಂದ ಫೆಬ್ರವರಿ. ಒಳ್ಳೆಯ ದಿನ 15 ಮೀಟರ್‌ವರೆಗೆ, ಕೆಲವೊಮ್ಮೆ ಅದಕ್ಕೂ ಆಚೆ ಕಾಣುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಭರತ ಇಳಿತ ಜೋರಿರುವುದರಿಂದ ಸೆಳೆತವೂ ಹೆಚ್ಚು, ನೀರೂ ಕಲಕಿರುತ್ತದೆ. ನಿಮ್ಮ ರಜೆಯನ್ನು ಒಂದು ವಾರ ಆಚೀಚೆ ಮಾಡಲು ಸಾಧ್ಯವಿದ್ದರೆ ಪಂಚಾಂಗ ತೆಗೆದು ಅಷ್ಟಮಿಯ ಹತ್ತಿರದ ದಿನ ಹಿಡಿಯಿರಿ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಮಾತ್ರ ಬೇಡ. ದೋಣಿ, ರೂಮು, ತರಬೇತುದಾರರು ಎಲ್ಲರ ಮೇಲೂ ಒತ್ತಡ, ಅವಸರದಲ್ಲಿ ಅಭ್ಯಾಸದ ಹೊತ್ತಿಗೇ ಕತ್ತರಿ ಬೀಳುತ್ತದೆ.

ಕೆಳಗೆ ಏನಿದೆ? ಅಂಡಮಾನಿನ ಹವಳದ ತೋಟ ನೆನೆಸಿಕೊಂಡು ಬಂದವರಿಗೆ ನಿರಾಸೆಯಾದೀತು. ಇಲ್ಲಿರುವುದು ದೊಡ್ಡ ದೊಡ್ಡ ಬಂಡೆ, ಅವುಗಳ ಮೇಲೆ ಅಲ್ಲಲ್ಲಿ ಹವಳ, ಮತ್ತು ಹಿಂಡು ಹಿಂಡು ಮೀನು. ಬಂಡೆ ಕೆರೆದು ತಿನ್ನುವ ಗಿಣಿಮೀನಿನ ಕರಕರ ಸದ್ದು ನೀರಿನಡಿ ಕಿವಿಗೇ ಕೇಳುತ್ತದೆ. ಚಿಟ್ಟೆಮೀನು, ಟ್ರಿಗರ್ ಮೀನು, ಬಂಡೆ ಸಂದಿನಿಂದ ಬಾಯಿ ತೆರೆದು ಮುಚ್ಚುವ ಮೊರೇ ಈಲ್, ಬೆಳ್ಳಿಯ ಗೋಡೆಯಂತೆ ನಿಂತ ಬರಾಕುಡಾ ಹಿಂಡು, ಅದೃಷ್ಟವಿದ್ದರೆ ಕಡಲಾಮೆ. ಮೊರೇ ಬಾಯಿ ತೆರೆಯುವುದು ಹೆದರಿಸಲಿಕ್ಕಲ್ಲ, ಅದು ಉಸಿರಾಡುವುದೇ ಹಾಗೆ. ತಲೆಯೆತ್ತಿದರೆ ನಡುಗಡ್ಡೆಯ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತಿರುತ್ತದೆ. ಯಾವುದನ್ನೂ ಮುಟ್ಟಬೇಡಿ. ಕಲ್ಲಿನಂತೆಯೇ ಕಾಣುವ ಕಲ್ಲುಮೀನಿನ ಬೆನ್ನಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಗೂ ಮೇಲೆ ಅದ್ದಿಟ್ಟು ಆಸ್ಪತ್ರೆಗೆ ಹೋಗಬೇಕು. ಹವಳದ ಚೂರನ್ನು ನೆನಪಿಗೆಂದು ಎತ್ತಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಇನ್ನು ನೋಡುವ ಜಾಗಗಳು. ನಾಲ್ಕು ದಿನಕ್ಕೆ ನೀವು ಬರೆದ ಪಟ್ಟಿ ಜಾಸ್ತಿಯಾಯಿತು. ಯಾಣ ಬಿಡಿ, ಆ ನಡಿಗೆ ಅಮ್ಮನಿಗೆ ಕಷ್ಟ. ಗೋಕರ್ಣ ಉತ್ತರಕ್ಕೆ 75–80 ಕಿ.ಮೀ., ಹೋಗಿ ಬರುವುದಕ್ಕೇ ಮೂರು ನಾಲ್ಕು ಗಂಟೆ. ಶನಿವಾರ ಪೂರ್ತಿ ಬಿಡುವಾದರೆ ಮಾತ್ರ ಇಟ್ಟುಕೊಳ್ಳಿ. ಅಲ್ಲಿ ಗರ್ಭಗುಡಿಗೆ ಹೋಗುವ ಗಂಡಸರಿಗೆ ಪಂಚೆ ಬೇಕು, ಅಂಗಿ ತೆಗೆಯಬೇಕು. ದಾರಿಯಲ್ಲಿ ಕುಮಟಾ ದಾಟಿದ ಮೇಲೆ ಸಿಗುವ ಮಿರ್ಜಾನ್ ಕೋಟೆಗೆ ಒಂದು ಗಂಟೆ ಕೊಡಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅಂಟಿಕೊಂಡ ಕೋಟೆ ಅದು.

ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಅಮ್ಮನಿಗೂ ಅನುಕೂಲ. ಮೇಲಿನ ಕಿಟಕಿಯಿಂದ 123 ಅಡಿಯ ಶಿವ, ಕಂದುಕ ಗುಡ್ಡ, ಮೂರು ಕಡೆಯ ಕಡಲು ಒಟ್ಟಿಗೆ ಕಾಣುತ್ತವೆ. ಹವೆ ತಿಳಿಯಾಗಿದ್ದರೆ ನೇತ್ರಾಣಿಯೂ ಮಸುಕಾಗಿ ಕಂಡೀತು. ಬೆಳಿಗ್ಗೆ ಬೇಗ ಹೋದರೆ ಸಾಲು ಚಿಕ್ಕದು. ದಕ್ಷಿಣಕ್ಕೆ 16 ಕಿ.ಮೀ. ದೂರದ ಭಟ್ಕಳಕ್ಕೆ ಜನ ಬಿರಿಯಾನಿಗೆಂದು ಹೋಗುತ್ತಾರೆ, ಊರೊಳಗಿನ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ ನೋಡದೆ ವಾಪಸ್ಸಾಗುತ್ತಾರೆ. ನೀವು ಎರಡನ್ನೂ ಮಾಡಿ. ಹೊನ್ನಾವರದ ಶರಾವತಿ ಕಾಂಡ್ಲಾ ಕಾಡಿನ ನಡುವಿನ ಮರದ ಕಾಲುದಾರಿ ಮಗನಿಗೂ ಅಜ್ಜಿಗೂ ಹೇಳಿ ಮಾಡಿಸಿದಂತಿದೆ, ಸಂಜೆ ನಾಲ್ಕರ ಮೇಲೆ ಹೋಗಿ. ಪಕ್ಕದ ಕಾಸರಕೋಡು ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಇಡಗುಂಜಿ ಗಣಪತಿ ದಾರಿಯಲ್ಲೇ ಸಿಗುತ್ತಾನೆ. ಡಿಸೆಂಬರ್ ಯಕ್ಷಗಾನದ ಋತು, ಸುತ್ತಲ ಊರಿನಲ್ಲಿ ಆಟವಿದೆಯೇ ಎಂದು ಹೋಟೆಲಿನಲ್ಲಿ ವಿಚಾರಿಸಿ. ಡೈವ್ ಮರುದಿನವಿದ್ದರೆ ಮಾತ್ರ ರಾತ್ರಿ ನಿದ್ದೆ ಬಿಡಬೇಡಿ.

ಜೋಗದ ಬಗ್ಗೆ ಮುಂಚೆಯೇ ಹೇಳುವುದು ಒಳಿತು. ಕಡಲು ತಿಳಿಯಾಗುವ ತಿಂಗಳಲ್ಲೇ ಜೋಗ ಬಡವಾಗುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ವಿದ್ಯುತ್ತಿಗೆ ಹಿಡಿದಿಡುವುದರಿಂದ ಡಿಸೆಂಬರಿನಲ್ಲಿ 253 ಮೀಟರ್ ಬಂಡೆಯ ಮೇಲೆ ತೆಳು ಧಾರೆಗಳಷ್ಟೇ. ಎರಡನ್ನೂ ತುಂಬಿದ ಸ್ಥಿತಿಯಲ್ಲಿ ಒಂದೇ ಪ್ರವಾಸದಲ್ಲಿ ನೋಡಲಾಗದು. ರಾಜಿ ಬೇಕೆಂದರೆ ಅಕ್ಟೋಬರ್ ಕೊನೆ, ಆಗ ಜೋಗದಲ್ಲಿ ತುಸು ನೀರು, ಕಡಲಿನಲ್ಲಿ ತುಸು ಮಬ್ಬು. ನಮ್ಮನ್ನು ಕೇಳಿದರೆ ಡೈವಿಂಗ್ ಮುಖ್ಯವಾದ ಪ್ರವಾಸಕ್ಕೆ ಡಿಸೆಂಬರೇ ಇರಲಿ. ಗೇರುಸೊಪ್ಪೆ ಘಟ್ಟದ ದಾರಿಯೇ ಚೆಲುವಾದದ್ದು, ನಗರಬಸ್ತಿಕೇರಿಯ ಕಾಡಿನ ನಡುವಿನ ಚತುರ್ಮುಖ ಬಸದಿಗೆ ಒಂದೂವರೆ ಗಂಟೆ ಸೇರಿಸಿಕೊಂಡರೆ ಭಾನುವಾರ ತುಂಬಿಬರುತ್ತದೆ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದುಂಟು, ಹೊನ್ನಾವರದಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ.

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ವಾರಾಂತ್ಯದ ಸೀಟು ಬೇಗ ಮುಗಿಯುತ್ತದೆ. ಪಂಚಗಂಗಾದ ಟಿಕೆಟ್ ಎಲ್ಲರೂ ನೆನಪಿಡುತ್ತಾರೆ, ತಾಳಗುಪ್ಪದ ವಾಪಸ್ ಟಿಕೆಟ್ ಮರೆಯುತ್ತಾರೆ. ಎರಡನ್ನೂ ತೆಗೆಸಿ, ಅಮ್ಮನಿಗೆ ಕೆಳಗಿನ ಬರ್ತ್ ಕೇಳಿ. ಡೈವಿಂಗ್ ಕೇಂದ್ರಕ್ಕೆ ಶುಕ್ರವಾರ ಎಂದು ಮುಂಗಡ ಕೊಡುವಾಗಲೇ, ಹವೆ ಕೆಟ್ಟರೆ ಶನಿವಾರ ಜಾಗ ಕಾಯ್ದಿಡುವುದಾಗಿ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.